ಸೆರಗು ಮರೆ ಹಿಡಿದವಳು

ನನ್ನ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾರದೆ ಸೀಟಿನ ಬೆನ್ನು ತಬ್ಬಿಕೊಂಡು ನಿಂತ ಹೆಂಗಸೊಬ್ಬಳನ್ನು ನೀವು ನೋಡಿದ್ದರೆ ಅದು ನಾನೇ ಇರಬಹುದು. "ಏನಮ್ಮಾ, ಬಿದ್ರಾ?" ಎಂದು ಕೇಳುತ್ತಾರೆ. ಬಿದ್ದಿಲ್ಲ ಸ್ವಾಮಿ. ಲಸಿಕೆ ಹಾಕಿಸಿಕೊಂಡೆ, ಅಷ್ಟೇ.

ಹಾಗೆಂದ ತಕ್ಷಣ ಜನ ಎರಡು ಪಾಲಾಗುತ್ತಾರೆ. ಕೆಲವರು "ನಾನು ಆವತ್ತೇ ಹೇಳಿದ್ದೆ, ಆ ಇಂಜೆಕ್ಷನ್ನೇ ಮೋಸ" ಎಂದು ಮೊಬೈಲು ತೆಗೆದು ಏನೋ ತೋರಿಸಲು ಬರುತ್ತಾರೆ. ಉಳಿದವರು ನಾನೊಬ್ಬಳು ಸುಳ್ಳುಬುರುಕಿ ಎಂಬಂತೆ ಮುಖ ನೋಡುತ್ತಾರೆ. ಎರಡೂ ಪಾಲಿನವರ ಮೇಲೆ ನನಗೆ ಸಿಟ್ಟು. ಲಸಿಕೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಎರಡನೇ ಸಲದ್ದನ್ನು ಎಡಗೈಗೆ ಹಾಕಿಸಿಕೊಂಡೆ, ಒಂದು ದಿನ ಮೈ ಬೆಚ್ಚಗಾಯಿತು, ಮಾರನೇ ದಿನ ಸರಿಹೋಯಿತು. ನನ್ನ ತಕರಾರು ಮೊದಲ ಸಲ ಸೂಜಿ ಇಳಿದ ಜಾಗದ ಮೇಲೆ. ಇಳಿಯಬೇಕಾದದ್ದು ತೋಳಿನ ದಪ್ಪ ಮಾಂಸಕ್ಕೆ. ಇಳಿದದ್ದು ಭುಜದ ತುದಿಯಲ್ಲಿ, ಮೂಳೆಯ ಪಕ್ಕಕ್ಕೆ. ಈ ಒಂದು ಮಾತನ್ನು ಕಣ್ಣಾರೆ ಕಂಡವರು ಯಾರಾದರೂ ಕೋರ್ಟಿನಲ್ಲಿ ಹೇಳಬೇಕಿತ್ತು. ಕಂಡವಳು ಒಬ್ಬಳಿದ್ದಳು.

ನಾನು ರವಿಕೆ ಹೊಲಿಯುವವಳು. ಪೇಟೆಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹಿಂದೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಎರಡು ಮನೆಗಳಿವೆ. ಒಂದರಲ್ಲಿ ನಾನು, ನಮ್ಮ ಯಜಮಾನರು, ಅತ್ತೆ. ಇನ್ನೊಂದರಲ್ಲಿ ಮೈದುನ, ಅವನ ಹೆಂಡತಿ, ಅವರ ಮಗಳು. ಅಣ್ಣತಮ್ಮಂದಿರಿಬ್ಬರೂ ಸೇರಿ ತೆಂಗಿನಕಾಯಿ ಮಂಡಿ ನಡೆಸುತ್ತಾರೆ. ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಈ ಮನೆಗೆ ಕಾಲಿಟ್ಟ ದಿನದಿಂದ ನನ್ನನ್ನು ಅಕ್ಕ ಎಂದೇ ಕರೆದವಳು. ನನಗೆ ಒಡಹುಟ್ಟಿದ ತಂಗಿಯಿಲ್ಲ, ಮಕ್ಕಳೂ ಇಲ್ಲ. ಅವಳನ್ನೇ ತಂಗಿ ಅಂದುಕೊಂಡೆ. ಅವಳ ಮಗಳು ನನ್ನ ಮಷೀನಿನ ಕೆಳಗೆ ಬಟ್ಟೆ ಚೂರು ಹೆಕ್ಕುತ್ತ, ದೊಡ್ಡಮ್ಮಾ ದೊಡ್ಡಮ್ಮಾ ಎನ್ನುತ್ತ ಬೆಳೆದ ಹುಡುಗಿ.

ಕೊರೋನಾದ ಎರಡನೇ ಅಲೆ ಇಳಿಯುತ್ತಿದ್ದ ಕಾಲ. ಸರ್ಕಾರಿ ಆಸ್ಪತ್ರೆಯ ಸಾಲು ರಸ್ತೆಗೆ ಬಂದಿತ್ತು. "ಆ ಸಾಲ್ನಾಗೆ ನಿಂತ್ರೆ ಇಲ್ದಿರೋ ಕೊರೋನಾನೂ ಅಂಟ್ಕತದೆ. ದುಡ್ ಕೊಟ್ಟು ನರ್ಸಿಂಗ್ ಹೋಮ್ನಾಗೆ ಆಕುಸ್ಕಂಡ್ ಬನ್ನಿ" ಎಂದು ಯಜಮಾನರೇ ಹೇಳಿದರು. ಓರಗಿತ್ತಿಯರಿಬ್ಬರೂ ಹೊರಟೆವು. ಅಲ್ಲಿಂದ ಹಾಗೇ ಹರದನಹಳ್ಳಿಯ ನೆಂಟರ ಮನೆಯ ನಾಮಕರಣಕ್ಕೆ ಹೋಗುವುದಿತ್ತು. ಹಾಗಾಗಿ ನಾನು ರೇಷ್ಮೆ ಸೀರೆ ಉಟ್ಟು, ಮೊಳಕೈವರೆಗೆ ತೋಳಿರುವ ಜರಿಯಂಚಿನ ರವಿಕೆ ತೊಟ್ಟಿದ್ದೆ. ನಾನೇ ಹೊಲಿದದ್ದು. ನನ್ನ ಫಿಟ್ಟಿಂಗ್ ಎಂದರೆ ಊರಿಗೇ ಗೊತ್ತು, ತೋಳಿನೊಳಗೆ ಕಡ್ಡಿ ತೂರುವುದಿಲ್ಲ.

ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ, ಗಂಡಸರಿಗಾಗಿ ಹೇಳುತ್ತೇನೆ. ಎಡಭುಜದ ಮೇಲೆ ಸೆರಗನ್ನು ಮಡಿಸಿ ಪಿನ್ನು ಹಾಕಿರುತ್ತೇವೆ. ಅದನ್ನು ತೆಗೆದರೆ ಎದೆ ಬಯಲಾಗುತ್ತದೆ. ಅದಕ್ಕೇ ನಮ್ಮಂಥವರು ನರ್ಸು ಎಡಗೈ ಕೇಳಿದರೂ ಬಲಗೈಯನ್ನೇ ಚಾಚುವುದು. ಬಲಗೈಯ ತೋಳು ಬಿಗಿಯಾಗಿದ್ದರೆ ಮೇಲಕ್ಕೆ ಸುತ್ತಲು ಬರುವುದಿಲ್ಲ. ಆಗ ಮುಂದಿನ ಎರಡು ಹುಕ್ಕು ಬಿಚ್ಚಿ ರವಿಕೆಯ ಕೊರಳನ್ನು ಭುಜದಿಂದ ಕೆಳಕ್ಕೆ ಜಾರಿಸಬೇಕು. ಎದುರಿಗೆ ಗಂಡಸರ ಸಾಲು, ಅಲ್ಲೊಂದು ಪರದೆಯೂ ಇರಲಿಲ್ಲ. ಅಂಥ ಕಡೆ ಜೊತೆಗಿದ್ದವಳು ತನ್ನ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಮರೆ ಹಿಡಿಯುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಮಗುವಿಗೆ ಹಾಲು ಕುಡಿಸುವಾಗ, ಹೊಳೆಯ ಮೆಟ್ಟಿಲ ಮೇಲೆ ಒದ್ದೆ ಸೀರೆ ಬದಲಿಸುವಾಗ, ನಾವು ಒಬ್ಬರಿಗೊಬ್ಬರು ಹೀಗೆ ಮರೆ ಹಿಡಿಯುತ್ತಲೇ ಬಂದವರು. ಹಿಡಿದವಳು ತನ್ನ ಮುಖವನ್ನು ಆಚೆ ತಿರುಗಿಸಿಕೊಳ್ಳಬೇಕು. ಅದು ಅವಳು ತೋರಿಸುವ ಮರ್ಯಾದೆ.

ಆವತ್ತು ಓರಗಿತ್ತಿ ಮುಖ ತಿರುಗಿಸಲಿಲ್ಲ. ಸೂಜಿ ಎಂದರೆ ಅವಳಿಗೆ ಪ್ರಾಣಭಯ, ನನ್ನ ನಂತರ ಅವಳದೇ ಸರದಿ. "ಎಂಗ್ ಆಕ್ತರೆ ಅಂತ ಒಸಿ ನೋಡ್ಕತೀನಿ ಕಣಕ್ಕ" ಎಂದು ಸೆರಗು ಅಗಲಿಸಿಕೊಂಡೇ ಕತ್ತನ್ನು ಒಳಗೆ ಚಾಚಿ, ಕಣ್ಣು ಪಿಳುಕಿಸದೆ ನನ್ನ ಭುಜವನ್ನೇ ನೋಡುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕೂತಿದ್ದೆ, ನರ್ಸು ನಿಂತಿದ್ದಳು. ಅವಳಿಗೆ ಸಾಲು ಕರಗಿಸುವ ಅವಸರ. ರವಿಕೆ ಎಷ್ಟು ಜಾರಿತೋ ಅಷ್ಟೇ ಜಾಗದಲ್ಲಿ, ಭುಜದ ತುದಿಗೇ ಚುಚ್ಚಿಬಿಟ್ಟಳು.

"ಅಯ್ಯೋ, ಅಷ್ಟು ಮ್ಯಾಲಕ್ಕಾ?" ಎಂದು ಓರಗಿತ್ತಿಯ ಬಾಯಿಂದ ಬಂತು.

"ಸುಮ್ನಿರಿ, ಎಲ್ಲಿಗ್ ಹಾಕಿದ್ರೂ ಒಳಗೇ ಹೋಗೋದು" ಎಂದಳು ನರ್ಸು.

ಅವಳ ಸರದಿ ಬಂದಾಗ ನಾನು ಮರೆ ಹಿಡಿದೆ. ಅವಳು ಅಷ್ಟೂ ಹುಕ್ಕು ಬಿಚ್ಚಿ, ತೋಳನ್ನು ರವಿಕೆಯಿಂದ ಪೂರ್ತಿ ಹೊರಗೆ ತೆಗೆದು, "ನಂಗೆ ಕೆಳಕ್ಕೇ ಆಕ್ಬೇಕು, ಮಾಂಸಕ್ಕೆ" ಎಂದು ಜಗಳವಾಡಿ ಹಾಕಿಸಿಕೊಂಡಳು. ಆಮೇಲೆ ಇಬ್ಬರೂ ಆ ಜಗಳವನ್ನೇ ನೆನೆದು ನಗುತ್ತ ಹರದನಹಳ್ಳಿಗೆ ಹೋಗಿ ಒಬ್ಬಟ್ಟು ತಿಂದೆವು.

ಮಾರನೇ ಬೆಳಗ್ಗೆ ನನ್ನ ತೋಳು ನನ್ನದಾಗಿರಲಿಲ್ಲ. ಎಲ್ಲರಿಗೂ ನೋಯುತ್ತದೆ ಎಂದರು, ನಾನೂ ಹಾಗೇ ಅಂದುಕೊಂಡೆ. ಎಲ್ಲರ ನೋವೂ ಹೋಯಿತು, ನನ್ನದು ಕೂತಿತು. ತಂತಿಯ ಮೇಲೆ ಬಟ್ಟೆ ಹಾಕಲು ಆಗಲಿಲ್ಲ. ಅಡುಗೆಮನೆಯ ಮೇಲಿನ ಗೂಡಿನಿಂದ ಡಬ್ಬ ಇಳಿಸಲು ಆಗಲಿಲ್ಲ. ಅಳತೆ ಕೊಡಲು ಬಂದ ಹೆಂಗಸಿನ ಭುಜದ ಮೇಲೆ ಟೇಪು ಇಡಲು ಕೈ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಷೀನು ತುಳಿಯುವುದು ಹೇಗೋ ಆಗುತ್ತಿತ್ತು, ಮೇಜಿನ ಉದ್ದಕ್ಕೂ ಕತ್ತರಿ ಓಡಿಸುವುದು ನಿಂತೇಹೋಯಿತು. ಕತ್ತರಿ ಹಾಕದವಳು ಯಾವ ಸೀಮೆಯ ಟೈಲರು? ಬಂದವರು ಬಟ್ಟೆಯ ಚೀಲವನ್ನು ಹಾಗೇ ಕಂಕುಳಲ್ಲಿ ಇಟ್ಟುಕೊಂಡು "ಕೈ ವಾಸಿ ಆಗ್ಲಿ, ಬತ್ತೀವಿ ಬುಡಿ" ಎಂದು ವಾಪಸು ಹೋಗತೊಡಗಿದರು.

ಅರಕಲಗೂಡಿನ ಹತ್ತಿರ ನನ್ನ ತವರು. ಅವ್ವ ಎಣ್ಣೆ ಹಚ್ಚಿ ನೀವುವವರೊಬ್ಬರ ಬಳಿ ಕರೆದುಕೊಂಡು ಹೋದಳು. ಅವರು ನೀವಿದ ರಭಸಕ್ಕೆ ಸತ್ತುಹೋದ ಅಜ್ಜ ಅಜ್ಜಿಯರೆಲ್ಲ ನನ್ನ ಕಣ್ಣ ಮುಂದೆ ಬಂದು ನಿಂತರು, ತೋಳು ಮಾತ್ರ ಇದ್ದ ಹಾಗೇ ಇತ್ತು. ಕೊನೆಗೆ ಯಾರೋ ಹೇಳಿ ಚನ್ನರಾಯಪಟ್ಟಣದ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಹಾಸನಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಭುಜದ ತುದಿಯಲ್ಲಿ ಒಂದು ಕಡೆ ಹೆಬ್ಬೆರಳು ಒತ್ತಿದರು. ನಾನು ಕಿಟಾರನೆ ಕಿರುಚಿದೆ.

"ಇಲ್ಲಿಗೆ ಹಾಕಿದ್ರೇನಮ್ಮ?" ಎಂದರು. ಹೌದೆಂದೆ. "ಔಷಧಿ ಮಾಂಸಕ್ಕೆ ಹೋಗ್ಬೇಕಿತ್ತು. ಕೀಲಿನ ಚೀಲದೊಳಕ್ಕೆ ಹೋಗಿರೋ ಹಾಗಿದೆ. ಔಷಧಿ ಸರಿ, ಜಾಗ ತಪ್ಪು."

ಆ ಮಾತು ಹಿಡಿದುಕೊಂಡು ನಮ್ಮೂರಿನ ನರ್ಸಿಂಗ್ ಹೋಮಿಗೆ ಹೋದೆ. ಜಗಳಕ್ಕಲ್ಲ, ಆಣೆ ಮಾಡಿ ಹೇಳುತ್ತೇನೆ. ಅಲ್ಲಿನ ಡಾಕ್ಟರು ಕುರ್ಚಿಯಿಂದ ಏಳದೆ, "ಟೈಲರಿಂಗ್ ಮಾಡ್ತೀರಲ್ವಾ? ಎಲ್ಲಾ ಟೈಲರ್‌ಗಳಿಗೂ ಭುಜ ಹಿಡ್ಕೊಳುತ್ತೆ. ಅದನ್ನ ತಂದು ನಮ್ಮ ತಲೆಗೆ ಕಟ್ಬೇಡಿ" ಎಂದು ನಕ್ಕುಬಿಟ್ಟರು. ಆ ನಗು ನನ್ನನ್ನು ಸುಟ್ಟುಹಾಕಿತು. ತಪ್ಪಾಯ್ತು ಕಣಮ್ಮ, ಅವಸರದಲ್ಲಿ ಹುಡುಗಿ ಹಾಗೆ ಮಾಡಿದಳು ಎಂದು ಒಂದು ಮಾತು ಅಂದಿದ್ದರೆ ಕೈಮುಗಿದು ಎದ್ದು ಬರುತ್ತಿದ್ದೆ. ನಕ್ಕರಲ್ಲ, ನೇರ ಹಾಸನದ ಬಸ್ಸು ಹತ್ತಿದೆ.

ಹಾಸನದ ವಕೀಲರು ವಯಸ್ಸಾದವರು, ಮಾತು ಕಡಿಮೆ. ಮೊದಲು ಕೇಳಿದ್ದೇ, "ದುಡ್ಡು ಕೊಟ್ಟು ಹಾಕಿಸ್ಕೊಂಡ್ರಾ, ಪುಕ್ಕಟೆನಾ?" ದುಡ್ಡು ಕೊಟ್ಟೇ ಎಂದೆ. ಹಾಗಾದರೆ ನೀವು ಗ್ರಾಹಕರು, ಗ್ರಾಹಕರ ಕೋರ್ಟಿನಲ್ಲಿ ಪರಿಹಾರ ಕೇಳಬಹುದು ಎಂದರು. ಪುಕ್ಕಟೆ ಹಾಕಿಸಿಕೊಂಡಿದ್ದರೆ ಅಲ್ಲಿ ಕೇಸು ನಿಲ್ಲುತ್ತಿರಲಿಲ್ಲವಂತೆ. ಚನ್ನರಾಯಪಟ್ಟಣದ ಡಾಕ್ಟರು ಬರೆದುಕೊಟ್ಟದ್ದನ್ನು ಓದಿದರು.

"ಇವರು 'ಹೀಗಾಗಿರಬಹುದು' ಅಂತ ಬರ್ದಿದಾರೆ. 'ಹೀಗೇ ಆಯ್ತು' ಅಂತ ಬರ್ಯೋಕೆ ಅವರೇನು ಅಲ್ಲಿ ನಿಂತಿದ್ರಾ? ಹತ್ರದಲ್ಲಿ ಯಾರಿದ್ರು?"

"ನಮ್ಮ ಓರಗಿತ್ತಿ ಸಾ."

"ಅವರು ನೋಡಿದ್ರಾ?"

"ಕಣ್ ಪಿಳುಕುಸ್ದೆ ನೋಡಿದ್ಲು ಸಾ."

"ಸರಿ ಹಾಗಾದ್ರೆ. ಅವರ ಪ್ರಮಾಣಪತ್ರ ಒಂದು ಬೇಕು. ನಿಮ್ಮ ಕೇಸು ನಿಂತ್ಕೊಳೋದು ಅದರ ಮೇಲೆ."

ಆವತ್ತು ಸಂಜೆ ಅಂಗಳದಲ್ಲಿ ಅವಳಿಗೆ ಹೇಳಿದೆ. ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, "ಅದ್ಕೇನಕ್ಕ, ಯಾವ್ ದ್ಯಾವ್ರ ಮುಂದೆ ಬೇಕಾದ್ರೂ ನಿಂತ್ ಯೋಳ್ತೀನಿ. ನಿನ್ ತ್ವಾಳು ಓದ್ದನ್ನ ನಾನ್ ಕಂಡಿಲ್ವಾ?" ಎಂದಳು. ಅಷ್ಟು ಹೊತ್ತಿಗೆ ದಿನಾ ಬೆಳಗ್ಗೆ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದವಳೇ ಅವಳು. ನನ್ನ ಕೈ ತಲೆಯ ಹಿಂಭಾಗಕ್ಕೆ ಮುಟ್ಟುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತರೆ ಅವಳು ಹಿಂದಿನ ಮೆಟ್ಟಿಲಲ್ಲಿ ಕೂತು, ಸಿಕ್ಕು ಬಿಡಿಸುತ್ತ, ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಎದ್ದು ಹೋಗುವಾಗ ಒಂದು ಹೂವನ್ನೂ ಸಿಕ್ಕಿಸುತ್ತಿದ್ದಳು. ಅವಳಂಥವಳು ಯಾರಿಗೆ ಸಿಗುತ್ತಾಳೆ ಎಂದು ನಾನು ಗಿರಾಕಿಗಳ ಮುಂದೆಲ್ಲ ಹೊಗಳುತ್ತಿದ್ದೆ.

ಕೇಸು ಹಾಕಿದೆವು. ಯಜಮಾನರು ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ನಡೀಲಿ ನೋಡಾನ" ಎಂದರು. ಹಾಸನಕ್ಕೆ ಹೋಗುವ ದಿನ ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಡುತ್ತಿದ್ದರು. ಒಂದೆರಡು ಸಲ ಜೊತೆಗೂ ಬಂದು, ಕೋರ್ಟಿನ ಹೊರಗೆ ಬೆಂಚಿನ ಮೇಲೆ ಪೇಪರು ಓದುತ್ತ ಕೂತಿದ್ದರು. ಇನ್ನೇನು ಬೇಕು ಒಬ್ಬ ಹೆಂಗಸಿಗೆ, ಮನೆಯೆಲ್ಲ ಬೆನ್ನಿಗಿದೆ ಎಂದು ನಾನು ಉಬ್ಬಿದ್ದೆ.

ನರ್ಸಿಂಗ್ ಹೋಮಿನವರ ಉತ್ತರ ಬಂತು. ವಕೀಲರು ಓದಿ ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ಬರೆದಿದ್ದಾರೆ, ಚುಚ್ಚುಮದ್ದನ್ನು ಸರಿಯಾದ ಜಾಗಕ್ಕೇ ಹಾಕಿದ್ದೇವೆ ಎಂದು. ಅದರ ಕೆಳಗೆ, ಒಂದು ವೇಳೆ ಜಾಗ ತಪ್ಪಿದ್ದರೆ ಅದಕ್ಕೆ ದೂರುದಾರರು ತೊಟ್ಟು ಬಂದಿದ್ದ ಅತಿ ಬಿಗಿಯಾದ ರವಿಕೆಯೇ ಕಾರಣ ಎಂದು. ಅಲ್ಲ, ಸೂಜಿ ಹಿಡಿದವರ ಕೈ ಎಲ್ಲಿಗೆ ಹೋಗಬೇಕೆಂದು ನನ್ನ ರವಿಕೆ ಹೇಳಬೇಕಿತ್ತೇ? ತೋಳು ಬಿಗಿಯಾಗಿದೆ, ಒಳಗೆ ಹೋಗಿ ತೆಗೆದು ಬನ್ನಿ ಎಂದು ಒಂದು ಮಾತು ಹೇಳಲು ಏನಾಗಿತ್ತು ದಾಡಿ? "ಚಿಂತೆ ಮಾಡ್ಬೇಡಿ. ನಿಮ್ಮ ಓರಗಿತ್ತಿಯವರ ಪ್ರಮಾಣಪತ್ರ ಬಂದ್ರೆ ಇದೆಲ್ಲ ನಿಲ್ಲಲ್ಲ. ಬೇಗ ಕರ್ಕೊಂಬನ್ನಿ" ಎಂದರು ವಕೀಲರು.

ಓರಗಿತ್ತಿಗೆ ಪುರುಸೊತ್ತಾಗಲಿಲ್ಲ. ಒಂದು ವಾರ ತಲೆನೋವು. ಇನ್ನೊಂದು ವಾರ ಶ್ರವಣಬೆಳಗೊಳದಲ್ಲಿರುವ ಅವಳ ಚಿಕ್ಕಮ್ಮನಿಗೆ ಹುಷಾರಿಲ್ಲ. ಆಮೇಲೆ ಹಬ್ಬ. ನಡುವೆ ಅವಳ ಮಗಳಿಗೆ ಕೆಲಸ ಸಿಕ್ಕಿತು. ಹುಡುಗಿ ಲ್ಯಾಬ್ ಕೋರ್ಸು ಮುಗಿಸಿ ಮನೆಯಲ್ಲಿದ್ದಳು, ರಕ್ತ ಪರೀಕ್ಷೆಯ ಕೆಲಸವಂತೆ. ಎಲ್ಲಿ ಎಂದು ಕೇಳಿದೆ. ಅದೇ ನರ್ಸಿಂಗ್ ಹೋಮು.

ಆದರೂ ಹುಡುಗಿ ಕಾಲಿಗೆ ಬಿದ್ದಾಗ ತಲೆ ಸವರಿ ಒಳ್ಳೆಯದಾಗಲಿ ಎಂದೆ. ಹೊಟ್ಟೆಕಿಚ್ಚು ಎಂದು ಯಾರೂ ಅನ್ನಬಾರದು ನೋಡಿ. ಓರಗಿತ್ತಿಯನ್ನು ಪಕ್ಕಕ್ಕೆ ಕರೆದು, "ಇದ್ರಿಂದ ನಿಂಗೇನೂ ಕಷ್ಟ ಆಗಕ್ಕಿಲ್ವೇನೇ?" ಎಂದೆ. ಅವಳು ನನ್ನ ಕೈ ಹಿಡಿದುಕೊಂಡು, "ಅದೇ ಬ್ಯಾರೆ, ಇದೇ ಬ್ಯಾರೆ ಬುಡಕ್ಕ" ಎಂದಳು. ನಂಬಿದೆ. ನಂಬದೆ ಇನ್ನೇನು ಮಾಡಲಿ, ಆ ಕೈ ದಿನಾ ನನ್ನ ತಲೆ ಬಾಚುವ ಕೈ.

ಒಂದು ದಿನ ವಕೀಲರು ಫೋನ್ ಮಾಡಿ ಕೂಡಲೇ ಬನ್ನಿ ಎಂದರು. ಹೋದೆ. ಅವರು ಕನ್ನಡಕ ಹಾಕಿಕೊಂಡು, ನನ್ನ ಮುಖ ನೋಡದೆ ಓದಿದರು. ಎದುರು ಕಡೆಯವರು ಹಾಕಿದ್ದ ಪ್ರಮಾಣಪತ್ರ, ಕೆಳಗಿದ್ದ ಸಹಿ ನನ್ನ ಓರಗಿತ್ತಿಯದು. 'ನಮ್ಮ ಕಡೆಯ ಪದ್ಧತಿಯಂತೆ ನಾನು ಸೆರಗು ಮರೆ ಹಿಡಿದು ಮುಖವನ್ನು ಆಚೆ ತಿರುಗಿಸಿಕೊಂಡಿದ್ದೆನಾದ್ದರಿಂದ, ಚುಚ್ಚುಮದ್ದನ್ನು ಯಾವ ಜಾಗಕ್ಕೆ ಹಾಕಲಾಯಿತೆಂಬುದನ್ನು ನೋಡಿರುವುದಿಲ್ಲ. ದೂರುದಾರರಿಗೆ ಹೊಲಿಗೆ ಕೆಲಸದಿಂದಾಗಿ ಅದಕ್ಕೂ ಬಹಳ ಮುಂಚಿನಿಂದ ಭುಜದ ನೋವು ಇದ್ದುದನ್ನು ನಾನು ಬಲ್ಲೆ.'

ಇನ್ನೊಂದು ಸಲ ಓದಿ ಸಾ ಎಂದೆ. ಓದಿದರು.

ಭುಜದ ನೋವಿನ ಮಾತು ಬರೀ ಸುಳ್ಳು, ಅದಕ್ಕೆ ನನಗೆ ಅಷ್ಟು ಉರಿಯಲಿಲ್ಲ. ಉರಿದದ್ದು ಮೊದಲ ಮಾತಿಗೆ. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರೇ ಅದನ್ನು ಓದಿದರೂ ಹೌದಲ್ಲ, ಮರೆ ಹಿಡಿದವಳು ಒಳಗೆ ನೋಡುತ್ತಾಳೆಯೇ ಎಂದು ತಲೆದೂಗುತ್ತಾರೆ. ಜಡ್ಜಿನ ಕುರ್ಚಿಯಲ್ಲಿ ನಾನೇ ಕೂತಿದ್ದರೂ ನಂಬುತ್ತಿದ್ದೆ. ಸುಳ್ಳು ಹೇಳಬೇಕೆಂದಿದ್ದರೆ ನೂರು ಸುಳ್ಳುಗಳಿದ್ದವು. ಹೆಂಗಸರು ಹೆಂಗಸರ ಮಾನ ಕಾಯಲು ಇಟ್ಟುಕೊಂಡ ಒಂದು ನಡತೆಯನ್ನೇ ಎತ್ತಿಕೊಂಡು ನನ್ನ ಬಾಯಿ ಕಟ್ಟಿಬಿಟ್ಟಳು. ಮರೆ ಹಿಡಿದವಳು ಒಳಗೆ ನೋಡುತ್ತಿದ್ದಳು ಎಂದು ನಾನು ಹೇಗೆ ಸಾಬೀತು ಮಾಡಲಿ? ಆಚೆ ಇದ್ದ ಗಂಡಸರಿಗೆ ಕಂಡದ್ದು ಅವಳ ಸೆರಗು ಮತ್ತು ಅವಳ ಬೆನ್ನು. ಅವಳು ತನಗೆ ಕೆಳಕ್ಕೇ ಹಾಕಿ ಎಂದು ಜಗಳವಾಡಿದ್ದನ್ನು ಹೇಳಿದೆ. ಮುಂದೆ ವಕೀಲರು ಅದನ್ನೂ ಪ್ರಶ್ನೆಯಾಗಿ ಬರೆದು ಅವಳಿಗೆ ಕಳಿಸಿದರು. ನೆನಪಿಲ್ಲ ಎಂದು ಉತ್ತರ ಬಂತು. ಆ ನರ್ಸು ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದಳು.

ವಕೀಲರು ಆ ಪತ್ರ ಓದಿ ಹೇಳಿದ ಮಾರನೇ ಬೆಳಗ್ಗೆ ಓರಗಿತ್ತಿ ಎಂದಿನಂತೆ ಬಾಚಣಿಗೆ ಹಿಡಿದುಕೊಂಡು ಬಂದಳು. ನಾನು ಎಂದಿನಂತೆ ಮೆಟ್ಟಿಲ ಮೇಲೆ ಕೂತೆ. ಯಾಕೆ ಕೂತೆ ಎಂದು ಈಗಲೂ ತಿಳಿಯದು. ಅವಳು ಸಿಕ್ಕು ಬಿಡಿಸುತ್ತ, ಪಕ್ಕದ ಬೀದಿಯವರ ಸೊಸೆ ತವರಿಗೆ ಹೋದ ಸುದ್ದಿ ಹೇಳುತ್ತಿದ್ದಳು. ಆ ಪ್ರಮಾಣಪತ್ರಕ್ಕೆ ಅವಳು ಸಹಿ ಹಾಕಿದ್ದು ಹಬ್ಬಕ್ಕೂ ಮುಂಚೆ. ಅಂದರೆ ಸಹಿ ಹಾಕಿದ ಮೇಲೂ ಇಷ್ಟು ದಿನ, ಇದೇ ಮೆಟ್ಟಿಲ ಮೇಲೆ, ಇದೇ ಸಮಾಧಾನದಲ್ಲಿ ನನ್ನ ತಲೆ ಬಾಚಿದ್ದಾಳೆ, ಹೂವು ಮುಡಿಸಿದ್ದಾಳೆ. ಥೂ! ಬಾಚಣಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ನಾಳೆಯಿಂದ ಬರ್ಬ್ಯಾಡ."

"ಯಾಕಕ್ಕ?"

"ಹಾಸನಕ್ಕೆ ಹೋಗಿದ್ದೆ ಕಣೇ ನಿನ್ನೆ."

"ಮಗೀನ್ ಕೆಲ್ಸ ಕಣಕ್ಕ" ಎಂದಳು.

"ಆ ಮಗು ನಂದೂ ಅನ್ಕಂಡಿದ್ದೆ. ನನ್ನೇ ಬಂದು ಕೇಳಿದ್ರೆ ಆಯ್ತಿರ್ಲಿಲ್ವಾ? ಕೇಸು ಬುಟ್ಬುಡಕ್ಕ ಅಂದಿದ್ರೆ ಬುಡ್ತಿದ್ದೆ. ಸುಳ್ಳಿ ಅಂತ ಮಾಡ್ಬುಟ್ಟೆ ನನ್ನ!"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತನ್ನ ಮನೆಗೆ ಹೋದಳು. ನಾನು ಅಂದೇ ಬ್ಯೂಟಿ ಪಾರ್ಲರಿಗೆ ಹೋಗಿ, ಸೊಂಟದವರೆಗಿದ್ದ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡು ಬಂದೆ. ಎಡಗೈಯಲ್ಲೇ ಬಾಚಿಕೊಳ್ಳಬಹುದಲ್ಲ. ಅತ್ತೆ ನೋಡಿ, ಮುತ್ತೈದೆ ಹೀಗೆ ಮಾಡಿಕೊಳ್ಳುವುದೇ ಎಂದು ಗೋಳಾಡಿದರು. ಯಜಮಾನರು ಒಂದು ಸಲ ದಿಟ್ಟಿಸಿ ನೋಡಿ ಮಂಡಿಗೆ ಹೋದರು.

ಕೇಸು ವಜಾ ಆಯಿತು. ಕಂಡ ಸಾಕ್ಷಿ ಇಲ್ಲ, ಡಾಕ್ಟರ ಅಭಿಪ್ರಾಯ ಖಚಿತವಿಲ್ಲ, ಜೊತೆಗಿದ್ದ ಸ್ವಂತ ಬಂಧುವೇ ದೂರನ್ನು ಒಪ್ಪಿಲ್ಲ. ಕೋರ್ಟಿನವರ ಮೇಲೆ ನನಗೆ ಕೋಪವಿಲ್ಲ. ಮುಂದೆ ಇಟ್ಟದ್ದನ್ನು ಓದಿ ಅವರು ತೀರ್ಮಾನ ಹೇಳಿದರು. ಪರಿಹಾರ ಬರಲಿಲ್ಲ ಎಂಬುದಕ್ಕಿಂತ, ನಾನು ಸುಳ್ಳು ಹೇಳಿ ಕೋರ್ಟು ಹತ್ತಿದವಳು ಎಂದು ಊರಿನಲ್ಲಿ ಆಯಿತಲ್ಲ, ಅದು ಗಂಟಲಲ್ಲಿ ಮುಳ್ಳಾಗಿ ನಿಂತಿತು. ಎಷ್ಟೋ ವರ್ಷದ ಗಿರಾಕಿಯೊಬ್ಬಳು ನನ್ನ ಅಂಗಡಿಯಲ್ಲೇ ಕೂತು, "ಅಲ್ಲಾ, ಮುಂಚಿಂದ್ಲೂ ನೋಯ್ತಿತ್ತಂತಲ್ಲಾ?" ಎಂದು ಕೇಳಿದಳು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಎಲ್ಲರನ್ನೂ ನಮ್ಮ ಮನೆಗೆ ಊಟಕ್ಕೆ ಕರೆದರು. ಯಜಮಾನರು, ಮೈದುನ, ಓರಗಿತ್ತಿ. ಹುಡುಗಿ ಕೆಲಸಕ್ಕೆ ಹೋಗಿದ್ದಳು. "ಒಂದೇ ಅಂಗಳದಾಗೆ ಹಿಂಗೆ ಮೊಕ ತಿರುಗುಸ್ಕಂಡ್ ಓಡಾಡದು ನಾನ್ ನೋಡ್ನಾರೆ. ಮಾತಾಡಿ ಮುಗ್ಸಿ" ಎಂದರು ಅತ್ತೆ.

"ನಂಗೇನೂ ಬ್ಯಾಡ ಅತ್ತೆ. ಒಂದೇ ಒಂದು ಮಾತು" ಎಂದೆ. ಓರಗಿತ್ತಿಯ ಕಡೆ ತಿರುಗಿದೆ. "ಇಲ್ಲಿ ಕೋರ್ಟಿಲ್ಲ, ವಕೀಲ್ರಿಲ್ಲ. ಸೂಜಿ ಎಲ್ಲಿಗ್ ಹಾಕಿದ್ರು, ತೋರ್ಸು."

ಅವಳು ಎದ್ದು ಬಂದಳು. ನನ್ನ ಪಕ್ಕ ನಿಂತು ರವಿಕೆಯ ಮೇಲೆ, ಭುಜದ ತುದಿಯಲ್ಲಿ ಒಂದು ಬೆರಳಿಟ್ಟಳು. ಚನ್ನರಾಯಪಟ್ಟಣದ ಡಾಕ್ಟರು ಒತ್ತಿದ ಜಾಗವೇ. ಒಂದು ಎಳೆಯಷ್ಟೂ ಆಚೀಚೆ ಇರಲಿಲ್ಲ.

"ಇಲ್ಲಿ ಕಣಕ್ಕ" ಎಂದಳು.

"ಮತ್ಯಾಕೆ ಹಂಗ್ ಬರ್ಸಿದೆ?"

ಅವಳಿಗೆ ಅಳು ಒತ್ತರಿಸಿ ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು. "ನನ್ನೊಬ್ಳುನ್ನೇ ಕೇಳ್ತೀಯಲ್ಲಕ್ಕ, ಭಾವುನ್ನ ಕೇಳು! ಡಾಕ್ಟ್ರ ತಾವ ಓಗಿ ಮಗೀಗೆ ಕೆಲ್ಸ ಕೇಳ್ದೋರು ಅವ್ರೇ. ಕೇಸ್ ಆಕುದ್ ಮ್ಯಾಲೆ ನೀನು ತಿರ್ಗಾ ಚನ್ರಾಯಪಟ್ನಕ್ಕೆ ಓಗಿದ್ ದಿನ ನರ್ಸಿಂಗ್ ಹೋಮ್ನೋರು ಕಾಗ್ದ ತಕ್ಕಂಡು ಮನೇಗ್ ಬಂದಾಗ ಪಕ್ಕದಾಗ್ ಕೂತಿದ್ದೋರು ಅವ್ರೇ. 'ಮನೆ ಒಳ್ಳೇದುಕ್ಕೆ, ಸೈನ್ ಆಕವ್ವ' ಅಂದೋರೂ ಅವ್ರೇ. ನಾನ್ ಏನ್ ಮಾಡ್ಲಿ?"

ನಾನು ಯಜಮಾನರ ಮುಖ ನೋಡಿದೆ. ಇಲ್ಲ ಎನ್ನುತ್ತಾರೆ ಎಂದು ಕಾದೆ. ಅತ್ತೆ ನೆಲ ನೋಡುತ್ತಿದ್ದರು, ಮೈದುನ ಬಾಗಿಲು ನೋಡುತ್ತಿದ್ದ. ಅವರಿಗೂ ಗೊತ್ತಿತ್ತು. ಅಂದರೆ ಗೊತ್ತಿಲ್ಲದವಳು ಆ ಮನೆಯಲ್ಲಿ ನಾನೊಬ್ಬಳೇ.

"ಈಗ ಯೋಳುದ್ಲಲ್ಲ" ಎಂದರು ಯಜಮಾನರು, ಏನೋ ಒಂದು ಲೆಕ್ಕ ಚುಕ್ತಾ ಆದ ಹಾಗೆ. "ನಿನ್ ಮಾತು ಸುಳ್ಳಲ್ಲ ಅಂತ ಮನೇಲಿ ಎಲ್ರೂ ಒಪ್ಕಂಡಾಯ್ತು. ಇನ್ ಬುಡು ಅದ್ನ. ಊರ್ನಾಗೆ ಬದುಕ್ಬೇಕು ನಾವು. ಆ ಡಾಕ್ಟ್ರನ್ನ ಎದ್ರಾಕ್ಕಂಡು ಮಂಡಿ ನಡ್ಸಕಾಯ್ತದಾ?"

ಬೇಡ ಕಣೇ, ಕೇಸು ಹಾಕಬೇಡ, ನನಗೆ ಹೆದರಿಕೆ ಎಂದು ಮೊದಲೇ ಹೇಳಿದ್ದರೆ ಜಗಳವಾಡುತ್ತಿದ್ದೆ, ಅತ್ತು ಸುಮ್ಮನಾಗುತ್ತಿದ್ದೆ, ಅದಾದರೂ ಗಂಡಹೆಂಡಿರ ಜಗಳವಾಗುತ್ತಿತ್ತು. ಇವರು ನನ್ನನ್ನು ಸ್ಕೂಟರಿನಲ್ಲಿ ಬಸ್ಸಿಗೆ ಬಿಟ್ಟು ಬಂದು, ಹಿಂದಿನಿಂದ ಕೇಸನ್ನು ಮುಗಿಸಿದರು. ಪೇಪರು ಓದುತ್ತ ಬೆಂಚಿನ ಮೇಲೆ ಕೂತವರಿಗೆ ಒಳಗೆ ಏನಾಗುತ್ತದೆಂದು ನನಗಿಂತ ಮೊದಲೇ ಗೊತ್ತಿತ್ತು. ಓರಗಿತ್ತಿ ನನಗೆ ಮೋಸ ಮಾಡಿದಾಗ ನಾನು ಕೂಗಾಡಿದ್ದೆ. ಈಗ ಕೂಗಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಆವತ್ತು ಯಾರೂ ಊಟ ಮಾಡಲಿಲ್ಲ.

ಆ ವಾರವೇ ಹಾಸನಕ್ಕೆ ಹೋದೆ. ಬಸ್ ಸ್ಟ್ಯಾಂಡಿಗೆ ನಡೆದೇ ಹೋದೆ. ವಕೀಲರಿಗೆ ಮೇಲ್ಮನವಿ ಹಾಕಬೇಕೆಂದೆ. ಹಾಕಬಹುದು, ಆದರೆ ಹೊಸ ಸಾಕ್ಷಿಯಿಲ್ಲದೆ ಹಾಕಿ ಪ್ರಯೋಜನವಿಲ್ಲ, ಹೊಸ ಸಾಕ್ಷಿಗೆ ಅನುಮತಿ ಸಿಗುವುದೂ ಸುಲಭವಲ್ಲ ಎಂದರು. ಸಾಕ್ಷಿ ಇದೆ ಎಂದೆ. ಭಾನುವಾರ ನಡೆದದ್ದನ್ನೆಲ್ಲ ಹೇಳಿದೆ.

"ಅವರು ಬೆರಳಿಟ್ಟು ತೋರಿಸಿದ್ದನ್ನ ಕಂಡೋರು ಯಾರು? ಆ ಪ್ರಮಾಣಪತ್ರ ಹೇಗೆ ಬಂತು ಅಂತ ಬಲ್ಲೋರು ಯಾರು?"

"ನಮ್ ಯಜಮಾನ್ರು ಸಾ. ಅವರ ಹೆಸರು ಬರ್ಕೊಳಿ."

ವಕೀಲರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಯೋಚ್ನೆ ಮಾಡಿದೀರೇನಮ್ಮ?"

"ಮಾಡಿದೀನಿ ಸಾ. ಬರ್ಕೊಳಿ."

ಮಾರನೇ ದಿನ ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದಾಗ ಮುದ್ದೆ, ಸೊಪ್ಪಿನ ಸಾರು ಬಡಿಸಿ, ನನಗೂ ಬಡಿಸಿಕೊಂಡು ಎದುರಿಗೆ ಕೂತು ವಿಷಯ ಹೇಳಿದೆ. ಅವರು ಎತ್ತಿದ ತುತ್ತು ಬಾಯಿಗೆ ಹೋಗಲಿಲ್ಲ.

"ಕಟ್ಕಂಡ್ ಗಂಡನ್ನೇ ಕೋರ್ಟಿಗೆ ಎಳೀತೀಯಾ?"

"ಎಳ್ಯಕ್ಕೆ ನಂಗೆ ಕೈ ಬರಲ್ಲ. ನೀವೇ ನಡ್ಕಂಡ್ ಬನ್ನಿ" ಎಂದೆ.

ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು. ನಾನು ಮುದ್ದೆ ಆರುವುದರೊಳಗೆ ನನ್ನ ಊಟ ಮುಗಿಸಿದೆ.